ಈ ವಯಸ್ಸಿನಲ್ಲಿ ಮಿದುಳಿಗೆ ಹೊಸ ಕೋಶ ಹುಟ್ಟುತ್ತಾ?

ಸುಜಾತಾ
ನನಗೆ 54. ಮೂರು ತಿಂಗಳಿಂದ ಜಪಾನಿ ಅಕ್ಷರ ಕಲಿಯುತ್ತಿದ್ದೇನೆ. ‘ನು’ ಮತ್ತು ‘ಮೆ’ ನೋಡೋಕೆ ಒಂದೇ ಥರ. ‘ನು’ಗೆ ಕೊನೆಯಲ್ಲಿ ಒಂದು ಸಣ್ಣ ಸುತ್ತು ಇರುತ್ತದೆ, ಅಷ್ಟೇ. ದಿನಾ ಬರೆದರೂ ಅದಲು ಬದಲಾಗುತ್ತದೆ. ನಿನ್ನೆ ತಮ್ಮ ಹೇಳಿದ, "ಅಕ್ಕಾ, ಸುಮ್ನೆ ಯಾಕೆ ಒದ್ದಾಡ್ತೀಯ? ಈ ವಯಸ್ಸಿಗೆ ಮಿದುಳಿನ ಕೋಶ ಸಾಯೋದಷ್ಟೇ, ಹೊಸದು ಹುಟ್ಟಲ್ಲ." ಇದು ನಿಜವಾ?

ರಾಘು
ನಿಮ್ಮ ತಮ್ಮ ಹೇಳಿದ್ದು ಹಳೆಯ ಕಾಲದ ಪಾಠ ಮೇಡಂ. ದೊಡ್ಡವರ ನರಕೋಶ ಮತ್ತೆ ಹುಟ್ಟಲ್ಲ ಅಂತಲೇ ಬಹಳ ವರ್ಷ ಎಲ್ಲರೂ ನಂಬಿದ್ದರು. 1965ರಲ್ಲಿ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ಹೊಸ ನೆನಪು ಕೂಡಿಸುವ ಜಾಗದಲ್ಲಿ, ಹುಟ್ಟಿದ ಮೇಲೂ ಹೊಸ ನರಕೋಶ ಬರುವುದನ್ನು ತೋರಿಸಿದರು. ಆಗ ಹೆಚ್ಚಿನವರು ಕಿವಿಗೇ ಹಾಕಿಕೊಳ್ಳಲಿಲ್ಲ. 1998ರಲ್ಲಿ ಎರಿಕ್ಸನ್ ಮತ್ತು ಗೇಜ್ ತಂಡ ಮನುಷ್ಯರಲ್ಲೂ ಅದನ್ನೇ ಕಂಡಿತು. ಕ್ಯಾನ್ಸರ್ ರೋಗಿಗಳಿಗೆ ಗೆಡ್ಡೆಯ ಬೆಳವಣಿಗೆ ನೋಡಲು ಒಂದು ಗುರುತಿನ ರಾಸಾಯನಿಕ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮಿದುಳು ನೋಡಿದರೆ ಅದೇ ಗುರುತು ಹೊಸ ನರಕೋಶಗಳಲ್ಲೂ ಇತ್ತು. 2013ರ ಲೆಕ್ಕ ಇನ್ನೂ ಸೋಜಿಗದ್ದು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಇಂಗಾಲದ ಗುರುತು ಹಿಡಿದು ಕೋಶಗಳ ವಯಸ್ಸು ಕಟ್ಟಿದರು. ಒಂದೊಂದು ಬದಿಯ ಹಿಪೊಕ್ಯಾಂಪಸ್‌ನಲ್ಲೂ ದಿನಕ್ಕೆ ಸುಮಾರು 700 ಹೊಸ ಕೋಶ.

ವಿನಯ್ ಕೆ
ರಾಘು ಸರ್, ಅರ್ಧ ಕಥೆ ಹೇಳಿ ನಿಲ್ಲಿಸಿದಿರಿ. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತಂಡ ಮಕ್ಕಳಿಂದ ವಯಸ್ಸಾದವರವರೆಗೆ ಎಷ್ಟೋ ಮಿದುಳು ನೋಡಿತು. 13 ವರ್ಷ ದಾಟಿದವರಲ್ಲಿ ಎಳೆಯ ನರಕೋಶ ಒಂದೂ ಸಿಗಲಿಲ್ಲ. ಸಿಕ್ಕಿದರೂ 700 ಎಷ್ಟರದು? ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ ಇವೆ. ಕಲಿಕೆ ಅಂದರೆ ಮುಖ್ಯವಾಗಿ ಇರುವ ಕೋಶಗಳ ನಡುವಿನ ಬೆಸುಗೆ ಗಟ್ಟಿಯಾಗೋದು.

ರಾಘು
ಅದೇ ವರ್ಷ ನ್ಯೂಯಾರ್ಕ್‌ನ ತಂಡ 79ರವರೆಗಿನವರಲ್ಲೂ ಎಳೆಯ ಕೋಶ ತೋರಿಸಿತಲ್ವಾ? 2019ರಲ್ಲಿ ಸ್ಪೇನ್‌ನವರು ಕಾರಣವನ್ನೂ ಹುಡುಕಿದರು. ಮಿದುಳಿನ ತುಂಡನ್ನು ಕೆಡದಂತೆ ಇಡುವ ದ್ರಾವಣದಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಎಳೆಯ ಕೋಶದ ಗುರುತೇ ಅಳಿಸಿ ಹೋಗುತ್ತದೆ. ಕಾಣಲಿಲ್ಲ ಅಂದ ಮಾತ್ರಕ್ಕೆ ಇರಲಿಲ್ಲ ಅಂತಲ್ಲ.

ವಿನಯ್ ಕೆ
ದ್ರಾವಣದ ಮಾತು ಒಪ್ಪುತ್ತೇನೆ. ಆದರೆ ವಾದ ಅಲ್ಲಿಗೇ ಮುಗಿದಿಲ್ಲ. ಮುಗಿದಿದೆ ಅಂತ ಸುಜಾತಾ ಮೇಡಂಗೆ ಹೇಳಬಾರದು.

ಶೈಲಾ
ಹುಟ್ಟುತ್ತೋ ಇಲ್ಲವೋ ಅಂತಲೇ ಕಿತ್ತಾಡುತ್ತಿದ್ದೀರಿ. ಹುಟ್ಟಿದ ಮೇಲೆ ಏನಾಗುತ್ತೆ? ಇಲಿಗಳಲ್ಲಿ ಹೊಸ ಕೋಶಗಳಲ್ಲಿ ಎಷ್ಟೋ ಕೆಲವೇ ವಾರದಲ್ಲಿ ಸಾಯುತ್ತವೆ. ಎಲಿಜಬೆತ್ ಗೌಲ್ಡ್ ಮತ್ತು ಟ್ರೇಸಿ ಶೋರ್ಸ್ 1999ರಲ್ಲಿ ತೋರಿಸಿದ್ದು ಇದು: ಆ ಹೊತ್ತಿನಲ್ಲಿ ಇಲಿ ಏನಾದರೂ ಹೊಸದು ಕಲಿತರೆ ಜಾಸ್ತಿ ಕೋಶ ಬದುಕುತ್ತವೆ. ಅದೂ ಎಂಥ ಕಲಿಕೆ? ಶೋರ್ಸ್ ಮುಂದೆ ನೋಡಿದ ಹಾಗೆ, ತುಂಬಾ ಸಲ ತಪ್ಪಿ, ಕಷ್ಟಪಟ್ಟು ಕಲಿಯುವಂಥದ್ದು. ಸುಲಭದ ಪಾಠಕ್ಕೆ ಆ ಫಲ ಇಲ್ಲ.

ಇನ್ನೊಂದು. ಈ ಹೊಸ ಕೋಶ ಹುಟ್ಟದಂತೆ ತಡೆದಾಗ ಇಲಿಗಳು ದೂರದೂರದ ಜಾಗಗಳನ್ನು ಸರಿಯಾಗಿಯೇ ಗುರುತಿಸಿದವು. ಪಕ್ಕಪಕ್ಕದ ಜಾಗಗಳಲ್ಲಿ ಎಡವಿದವು. ಒಂದೇ ಥರ ಇರುವ ಎರಡನ್ನು ಬೇರೆ ಮಾಡೋ ಕೆಲಸ ಇವುಗಳದ್ದು. ‘ನು’ ಮತ್ತು ‘ಮೆ’ ಓದಿದಾಗ ನನಗೆ ಮೊದಲು ನೆನಪಾದದ್ದೇ ಇದು.

ವಿನಯ್ ಕೆ
ಇಲಿಯಿಂದ ನೇರವಾಗಿ ಜಪಾನಿ ಅಕ್ಷರಕ್ಕೆ ಹಾರಬೇಡಿ ಅನ್ನೋದಷ್ಟೇ ನನ್ನ ತಕರಾರು. ಪ್ರಯೋಗ ಚೆನ್ನಾಗಿದೆ.

ಹರೀಶ್
ಹುಟ್ಟಿದ್ದೆಲ್ಲ ನೆನಪಿಗೆ ಒಳ್ಳೆಯದು ಅಂದುಕೊಳ್ಳಬೇಡಿ. 2014ರಲ್ಲಿ ಟೊರಾಂಟೊದ ತಂಡ ಇಲಿಗಳಿಗೆ ಮೊದಲು ಒಂದು ಪಾಠ ಕಲಿಸಿ, ಆಮೇಲೆ ಚಕ್ರದಲ್ಲಿ ಓಡಲು ಬಿಟ್ಟಿತು. ಓಡಿದರೆ ಹೊಸ ಕೋಶ ಜಾಸ್ತಿ ಹುಟ್ಟುತ್ತವೆ. ಆ ಇಲಿಗಳು ಹಳೆಯ ಪಾಠವನ್ನೇ ಮರೆತವು. ಹೊಸಬರು ಬಂದು ಹಳೆಯ ಬೆಸುಗೆಗಳ ನಡುವೆ ಜಾಗ ಮಾಡಿಕೊಳ್ಳುತ್ತಾರೆ. ಎರಡು ಮೂರು ವರ್ಷದ ಒಳಗಿನದು ನಮಗೆ ನೆನಪಿಲ್ಲದಿರೋದಕ್ಕೆ ಇದೂ ಒಂದು ಕಾರಣ ಅಂತ ಅವರ ಮಾತು. ಸಾವೂ ಹಾಗೇ, ಎಲ್ಲವೂ ಕೆಟ್ಟದ್ದಲ್ಲ. ಬೆಳೆಯುವ ಮಿದುಳಿನ ಎಷ್ಟೋ ಭಾಗಗಳಲ್ಲಿ ಹುಟ್ಟಿದ ನರಕೋಶಗಳಲ್ಲಿ ಸುಮಾರು ಅರ್ಧ ಸಾಯುತ್ತವೆ. ಹಾಗೆ ಸೋಸಿ ಉಳಿದದ್ದೇ ನಮ್ಮ ಮಿದುಳು.

ಮಂಜುಳಾ
ಸಾವು ಕೆಟ್ಟದ್ದಲ್ಲ ಅನ್ನೋ ಮಾತು ನನಗೆ ಕಷ್ಟ ಆಯ್ತು ಹರೀಶ್ ಅವರೇ. ಅಮ್ಮನಿಗೆ ಅಲ್ಝೈಮರ್. ಶಾಲೆಯ ಗೆಳತಿಯರ ಹೆಸರು ಸಾಲಾಗಿ ಹೇಳುತ್ತಾಳೆ. ಊಟ ಮಾಡಿ ಕೈ ಒರೆಸಿಕೊಳ್ಳುವಾಗಲೇ "ಊಟಕ್ಕೆ ಎಷ್ಟು ಹೊತ್ತು?" ಅಂತಾಳೆ. ಹೊಸ ಕೋಶದ ಸುದ್ದಿ ಕೇಳಿದರೆ ಆಸೆ ಹುಟ್ಟುತ್ತೆ. ಅವಳಿಗೆ ಏನಾದರೂ ಉಪಯೋಗ ಇದೆಯಾ?

ಹರೀಶ್
ಕ್ಷಮಿಸಿ ಅಕ್ಕ. ನಾನು ಹೇಳಿದ್ದು ಬೆಳೆಯುವ ಮಿದುಳಿನ ಮಾತು. ನಿಮ್ಮ ಅಮ್ಮನದ್ದು ಬೇರೆ, ಅದು ರೋಗ. ಆರೋಗ್ಯವಾಗಿ ವಯಸ್ಸಾದವರಲ್ಲಿ ಅಷ್ಟೊಂದು ಕೋಶ ಸಾಯೋದೇ ಇಲ್ಲ.

ಶೈಲಾ
ಮಂಜುಳಾ, ಸುಳ್ಳು ಆಸೆ ಕೊಡಲ್ಲ. ಆ ರೋಗ ಶುರುವಿಗೇ ಹಿಪೊಕ್ಯಾಂಪಸ್ ಸುತ್ತಮುತ್ತಲೇ ಹೊಡೆಯುತ್ತದೆ. ಅದಕ್ಕೇ ಈಗಿನದು ನಿಲ್ಲಲ್ಲ, ಹಳೆಯದು ಉಳಿಯುತ್ತದೆ. ಸ್ಪೇನ್‌ನವರೇ ರೋಗ ಇದ್ದವರಲ್ಲಿ ಎಳೆಯ ಕೋಶ ಕಡಿಮೆ ಕಂಡರು. ಅದನ್ನು ಹೆಚ್ಚಿಸಿ ವಾಸಿ ಮಾಡುವ ಔಷಧಿ ಇಲ್ಲ.

ಆದರೆ ನೆನಪಿಗೆ ಒಂದೇ ಮನೆ ಅಲ್ಲ. ಹೆನ್ರಿ ಮೊಲೈಸನ್ ಅಂತ ಒಬ್ಬರಿದ್ದರು. ಅಪಸ್ಮಾರಕ್ಕೆ ಅಂತ 1953ರಲ್ಲಿ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದಿದ್ದರು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಹಿಂದೆ ಮಾಡಿದ್ದೇನೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ.

ಮಂಜುಳಾ
ಹೌದು. ಅಮ್ಮ ಬಟ್ಟೆ ಮಡಚುವಾಗ ಒಂದು ಸಲವೂ ತಪ್ಪಲ್ಲ. ಎರಡೂ ತೋಳು ಒಳಗೆ, ಕಾಲರ್ ಮೇಲೆ, ಆಮೇಲೆ ಅಂಗೈಯಿಂದ ಒಮ್ಮೆ ಸವರುತ್ತಾಳೆ. ಮಡಚಿದ್ದನ್ನೇ ಬಿಡಿಸಿ ಮತ್ತೆ ಕೊಡುತ್ತೇನೆ.

ಸುಜಾತಾ
ಮಂಜುಳಾ, ಇದನ್ನು ಎರಡು ಸಲ ಓದಿದೆ.

ತಮ್ಮನಿಗೆ ಈ ಚರ್ಚೆ ಪೂರ್ತಿ ಕಳಿಸಿದ್ದೇನೆ, ವಿನಯ್ ಅವರ ತಕರಾರೂ ಸೇರಿಸಿ. ಇವತ್ತು ಇಪ್ಪತ್ತು ಸಲ ಬರೆದೆ, ನಾಲ್ಕು ಸಲ ತಪ್ಪಿತು. ನಾಳೆ ‘ನೆ’, ‘ರೆ’, ‘ವಾ’. ಆ ಮೂರೂ ಒಂದೇ ಥರ ಇವೆ.