ಸಹಾಯ ಬೇಕು: ಎಸ್ಪ್ರೆಸೊಗೆ ಯಾವ ಗ್ರೈಂಡರ್ ಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ ಎರಡು ವರ್ಷಗಳಿಂದ ಎಸ್ಪ್ರೆಸೊ (ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಇಳಿಸುವ ಗಟ್ಟಿ ಕಾಫಿ) ತಯಾರಿಸುತ್ತಿದ್ದೇನೆ. ಯಂತ್ರ ಚೆನ್ನಾಗಿದೆ, ತೊಂದರೆಯಿರುವುದು ಕಾಫಿ ಬೀಜ ಬೀಸುವ ಗ್ರೈಂಡರಿನಲ್ಲಿ. 18 ಗ್ರಾಂ ಪುಡಿಯಿಂದ 25ರಿಂದ 30 ಸೆಕೆಂಡುಗಳಲ್ಲಿ 36 ಗ್ರಾಂ ಕಾಫಿ ಇಳಿಯಬೇಕೆಂಬುದು ನನ್ನ ಗುರಿ. ಆದರೆ ಈಗಿನ ಗ್ರೈಂಡರಿನ ಒಂದು ಮೆಟ್ಟಿಲಿನಲ್ಲಿ (ಪುಡಿ ಎಷ್ಟು ಸಣ್ಣಗಿರಬೇಕೆಂದು ಹೊಂದಿಸುವ ಗುರುತು) ಅದು 17 ಸೆಕೆಂಡಿಗೇ ನೀರಿನಂತೆ ಸುರಿದು ಹುಳಿಯಾಗುತ್ತದೆ, ಒಂದೇ ಮೆಟ್ಟಿಲು ಸಣ್ಣ ಮಾಡಿದರೆ ಹನಿಹನಿಯಾಗಿ ತೊಟ್ಟಿಕ್ಕಿ 45 ಸೆಕೆಂಡು ದಾಟಿ ಕಹಿಯಾಗುತ್ತದೆ. ನನಗೆ ಬೇಕಾದದ್ದು ಇವೆರಡರ ನಡುವೆ ಇದೆ, ಅಲ್ಲಿ ನಿಲ್ಲಿಸಲು ದಾರಿಯೇ ಇಲ್ಲ. ನಮ್ಮೂರಿನ ಮಳೆಗಾಲದಲ್ಲಂತೂ, ಜಿಟಿಜಿಟಿ ಹಿಡಿದ ದಿನಗಳಲ್ಲಿ, ನಿನ್ನೆ ಸರಿಯಿದ್ದ ಹೊಂದಿಕೆ ಇಂದು ನಡೆಯುವುದಿಲ್ಲ.

ಸದ್ಯ ಎರಡು ಗ್ರೈಂಡರುಗಳು ಮನಸ್ಸಿನಲ್ಲಿವೆ. ಒಂದು, ವಿದ್ಯುತ್ತಿನಿಂದ ನಡೆಯುವ ಡಿಎಫ್64. ಅದರಲ್ಲಿ 64 ಮಿಲಿಮೀಟರಿನ ಚಪ್ಪಟೆ ಬರ್ (ಬೀಜ ಅರೆಯುವ ಹಲ್ಲುಗಳಿರುವ ಭಾಗ) ಇದೆ, ಮೆಟ್ಟಿಲುಗಳಿಲ್ಲದೆ ಕೂದಲೆಳೆಯಷ್ಟು ತಿರುಗಿಸಬಹುದು, ಪ್ರತಿ ಸಲ ಬೇಕಾದಷ್ಟೇ ಬೀಜ ತೂಗಿ ಹಾಕಬಹುದು. ಇನ್ನೊಂದು, ಕೈಯಿಂದ ತಿರುಗಿಸುವ 1ಝೆಡ್‌ಪ್ರೆಸೊ ಜೆ-ಅಲ್ಟ್ರಾ. ಅದರ 48 ಮಿಲಿಮೀಟರಿನ ಶಂಕುವಿನಾಕಾರದ ಬರ್ ಒಂದು ಕ್ಲಿಕ್ಕಿಗೆ 8 ಮೈಕ್ರಾನಿನಷ್ಟೇ ಸರಿಯುತ್ತದೆ. ಬೆಲೆಯಲ್ಲೂ ಇದೇ ಹಗುರ. ಆದರೆ ಬೆಳಿಗ್ಗೆ ನಾಲ್ಕು ಕಪ್ ಕಾಫಿ ಮಾಡಬೇಕು, ಅದರಲ್ಲಿ ಮೂರು ಹಾಲಿನವು, ಮತ್ತು ತಾಯಿಯವರ ಮಣಿಕಟ್ಟಿಗೆ ನೋವಿದೆ.

ನಾವು ಬಳಸುವುದು ಚಿಕ್ಕಮಗಳೂರಿನ ಮಧ್ಯಮ ಹುರಿತದ ಅರೇಬಿಕಾ. ಹಾಲು ಬೆರೆಸಿದ ಮೇಲೆ ಚಪ್ಪಟೆ ಬರ್‌ನ ಸ್ಪಷ್ಟ ರುಚಿ ಉಳಿಯುತ್ತದೆಯೇ, ಅಥವಾ ಶಂಕುವಿನ ಬರ್ ಕೊಡುವ ಗಟ್ಟಿತನವೇ ಮೇಲೋ? ಬಳಸಿ ಅನುಭವವಿದ್ದವರು ದಯವಿಟ್ಟು ತಿಳಿಸಿ. ಬೆಳಗಾವಿ ಅಥವಾ ಹುಬ್ಬಳ್ಳಿಯಲ್ಲಿ ಯಾರ ಬಳಿಯಾದರೂ ಇವು ಇದ್ದರೆ, ನನ್ನದೇ ಬೀಜ ತಂದು ಒಮ್ಮೆ ಬೀಸಿ ನೋಡಲು ಅವಕಾಶ ಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ.