ಸಹಾಯ ಬೇಕು: ನರ್ಸ್ ಆಗಿ ಮತ್ತೆ ಅಮೆರಿಕ ಸೇನೆಗೆ ಸೇರಲು ವಿನಾಯಿತಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು, ಈಗ ಟೆಕ್ಸಾಸ್‌ನಲ್ಲಿದ್ದೇನೆ. ಗ್ರೀನ್ ಕಾರ್ಡ್ ಇದ್ದಾಗಲೇ ಇಲ್ಲಿನ ಸೇನೆಗೆ ಸಿಪಾಯಿಯಾಗಿ ಸೇರಿ, ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ಮೆಡಿಕ್ (ಗಾಯಾಳು ಸೈನಿಕರಿಗೆ ಪ್ರಥಮ ಚಿಕಿತ್ಸೆ ಕೊಡುವವರು) ತರಬೇತಿ ಪಡೆದಿದ್ದೆ. 2018ರಲ್ಲಿ ಮಂಡಿಯ ಪೆಟ್ಟಿನಿಂದಾಗಿ ಬಿಡುಗಡೆಯಾಯಿತು, ಗೌರವದಿಂದಲೇ. ಆದರೆ ಸೇನೆಯ ಬಿಡುಗಡೆ ಪತ್ರವಾದ ಡಿಡಿ 214ರಲ್ಲಿ ಮರುಸೇರ್ಪಡೆಯ ಸಂಕೇತ ಆರ್‌ಇ 3 ಎಂದಿದೆ. ವಿನಾಯಿತಿ ಸಿಗದೆ ಒಳಗೆ ಬಿಡುವುದಿಲ್ಲ. 4 ಎಂದಿದ್ದರೆ ಆಸೆಯನ್ನೇ ಬಿಡಬೇಕಿತ್ತು.

ಈ ನಡುವೆ ಪೌರತ್ವ ಬಂತು. ನರ್ಸಿಂಗ್ ಪದವಿ ಮುಗಿಸಿ, ನರ್ಸ್ ಪರವಾನಗಿಯ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಿ, ನಾಲ್ಕು ವರ್ಷದಿಂದ ಐಸಿಯುನಲ್ಲಿದ್ದೇನೆ. ಹನ್ನೆರಡು ಗಂಟೆಯ ಪಾಳಿ ತಡೆಯುವ ಮಂಡಿ ಸೇನೆಗೆ ಮಾತ್ರ ಸಾಲದೇ? ಮೀಸಲು ಪಡೆಯಲ್ಲಿ ನರ್ಸ್ ಅಧಿಕಾರಿಯಾಗಬೇಕೆಂದಿದ್ದೇನೆ. ಮೊದಲು ಭೇಟಿಯಾದವರು ಸಿಪಾಯಿ ಭರ್ತಿಯವರು. ವೈದ್ಯಕೀಯ ಹುದ್ದೆಗಳಿಗೆ ಬೇರೆಯವರೇ ಇದ್ದಾರೆಂದು ತಿಳಿಯುವಷ್ಟರಲ್ಲಿ ಮೂರು ತಿಂಗಳು ಕಳೆದವು.

ವೈದ್ಯಕೀಯ ವಿನಾಯಿತಿ ಪಡೆದವರು ಯಾರಾದರೂ ಇದ್ದೀರಾ? ಮೂಳೆ ವೈದ್ಯರ ಪತ್ರದಲ್ಲಿ ಏನೇನು ಬರೆಸಿದಿರಿ? ಮಂಡಿಗಾಗಿ ನನಗೆ ಮಾಜಿ ಸೈನಿಕರ ಇಲಾಖೆಯ ಪರಿಹಾರಧನ ಬರುತ್ತಿದೆ. ಡ್ರಿಲ್ (ಮೀಸಲು ಪಡೆಯ ತರಬೇತಿ) ಸಂಬಳ ಪಡೆದ ದಿನಗಳ ಪರಿಹಾರವನ್ನು ಬಿಟ್ಟುಕೊಡಬೇಕು, ಅದಕ್ಕೆ ಒಪ್ಪಿದ್ದೇನೆ. ಆದರೆ ಆ ಪರಿಹಾರವೇ ನಿಮ್ಮ ಅರ್ಜಿಗೆ ಅಡ್ಡಿಯಾಯಿತೇ? ದಯವಿಟ್ಟು ತಿಳಿಸಿ. ಊರಿನಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ.