ಅಮ್ಮನ ಜೊತೆ ಕ್ಯೋಟೋ: ಮೂರು ದಿನದಲ್ಲಿ ಯಾವ ದೇಗುಲ ನೋಡಬೇಕು, ಯಾವುದನ್ನು ಬಿಡಬೇಕು?

ದಾರಿಹೋಕ:

ನವೆಂಬರ್ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ಜಪಾನ್‌ಗೆ ಹೋಗುತ್ತಿದ್ದೇನೆ. ಕ್ಯೋಟೋದಲ್ಲಿ ಮೂರು ದಿನ ಇರುತ್ತೇವೆ, 23ರಿಂದ 25ರವರೆಗೆ. ಅಮ್ಮನಿಗೆ 66 ವರ್ಷ. ಸಮತಟ್ಟು ದಾರಿಯಾದರೆ ನನಗಿಂತ ಜಾಸ್ತಿ ನಡೆಯುತ್ತಾರೆ, ಮೆಟ್ಟಿಲು ಬಂದರೆ ಮಾತ್ರ ಮಂಡಿ ಹಿಡಿದುಕೊಳ್ಳುತ್ತದೆ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ.

ನಾನು ಮಾಡಿರುವ ಪಟ್ಟಿಯಲ್ಲಿ 14 ಜಾಗಗಳಿವೆ. ಫುಶಿಮಿ ಇನಾರಿ, ಯಸಾಕಾ, ಹೇಯಾನ್, ಕಿಟಾನೋ, ಶಿಮೊಗಾಮೊ, ಕಾಮಿಗಾಮೊ, ಇನ್ನೂ ಏನೇನೋ. ಅದನ್ನು ನೋಡಿ ಅಮ್ಮ, "ಇಷ್ಟೊಂದು ಓಡಾಡಿದರೆ ಒಂದು ದೇವರೂ ನೆನಪಿರಲ್ಲ ಕಣೋ" ಅಂದರು. ಅವರು ಹೇಳಿದ್ದು ಸರಿ ಅನ್ನಿಸುತ್ತಿದೆ, ಆದರೆ ಯಾವುದನ್ನು ಕೈಬಿಡಬೇಕು ಅಂತ ಗೊತ್ತಾಗುತ್ತಿಲ್ಲ. ಬಸ್ಸಿಗೆ ದಿನದ ಪಾಸ್ ತಗೊಂಡರೆ ಸಾಕಾ? ಹೋಗಿ ಬಂದವರು ಹೇಳಿ.

ಇಬ್ಬನಿ:

ಮೊದಲು ಒಂದು ವಿಷಯ. ನವೆಂಬರ್ 23 ಜಪಾನಿನಲ್ಲಿ ಸರ್ಕಾರಿ ರಜೆ. ಮೇಪಲ್ ಎಲೆ ಕೆಂಪಾಗುವ ಕಾಲವೂ ಅದೇ. ಅವತ್ತು ಇಡೀ ದೇಶವೇ ಕ್ಯೋಟೋದಲ್ಲಿ ಇಳಿದ ಹಾಗೆ ಇರುತ್ತದೆ. ಪಟ್ಟಿಯನ್ನು ನಾಲ್ಕೈದಕ್ಕೆ ಇಳಿಸಿ, ಒಂದೊಂದು ಕಡೆ ನಿಧಾನವಾಗಿ ಕೂತು ಬನ್ನಿ. ನಿಮ್ಮಮ್ಮ ಹೇಳಿದ್ದೇ ಸರಿ.

ಫುಶಿಮಿ ಇನಾರಿ ಮಾತ್ರ ಬಿಡಬೇಡಿ. 711ರಲ್ಲಿ ಶುರುವಾಯಿತು ಅಂತ ಹೇಳುವ ದೇಗುಲ. ಟಿಕೆಟ್ ಇಲ್ಲ, ಬಾಗಿಲು ಹಾಕುವ ಹೊತ್ತೂ ಇಲ್ಲ. ನಾನು ಮೊದಲ ಸಲ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ, ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣದೆ ವಾಪಸ್ ಬಂದೆ, ತುಂಬಾ ಬೇಜಾರಾಗಿತ್ತು. ಮಾರನೇ ದಿನ ಬೆಳಕು ಹರಿಯುವಾಗಲೇ ಹೋದೆ. ನವೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಆರೂ ಮುಕ್ಕಾಲಿಗೆ. ಆ ಹೊತ್ತಿನಲ್ಲಿ ಕಾಗೆ ಕೂಗು, ಯಾರೋ ಕಸ ಗುಡಿಸುವ ಸದ್ದು, ಅಷ್ಟೇ.

ಅಲ್ಲಿ ಒಂದು ಗಮನಿಸಿ. ಒತ್ತೊತ್ತಾಗಿ ನಿಂತ ಕೆಂಪು ತೋರಿ ಕಮಾನುಗಳ ಕೆಳಗೆ ಮೇಲಕ್ಕೆ ಹೋಗುವಾಗ ಬರೀ ಬಣ್ಣ ಕಾಣುತ್ತದೆ. ತಿರುಗಿ ಇಳಿಯುವಾಗ ಪ್ರತಿ ಕಂಬದ ಹಿಂಬದಿಯಲ್ಲೂ ಕಪ್ಪು ಅಕ್ಷರ. ಕಮಾನು ಕೊಟ್ಟವರ ಹೆಸರು, ಕೊಟ್ಟ ತಾರೀಕು. ಇನಾರಿ ಭತ್ತದ ದೇವರು, ಆಮೇಲೆ ವ್ಯಾಪಾರಕ್ಕೂ ಆಯಿತು, ಹಾಗಾಗಿ ಅಂಗಡಿ, ಕಂಪನಿಯವರ ಹರಕೆಗಳೇ ಜಾಸ್ತಿ. ಬುಡದಲ್ಲಿ ಮರ ಕೊಳೆತು ಬಣ್ಣ ಚಕ್ಕೆ ಎದ್ದ ಕಂಬಗಳೂ ಸಿಗುತ್ತವೆ, ಪಕ್ಕದಲ್ಲೇ ನಿನ್ನೆ ನೆಟ್ಟ ಹಾಗೆ ಹೊಳೆಯುವ ಕಂಬ. ನನಗೆ ಆ ಜಾಗದಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಇದೇ.

233 ಮೀಟರ್ ಬೆಟ್ಟ ಅದು, ಪೂರ್ತಿ ಸುತ್ತಲು ಎರಡು ಗಂಟೆ ಬೇಕು. ಅಮ್ಮನ ಜೊತೆ ಅಷ್ಟು ಬೇಡ. ಸಾವಿರ ತೋರಿ ದಾಟಿ ಒಳಗುಡಿಯ ತನಕ ಹೋದರೆ ಸಾಕು, ಅಲ್ಲಿಂದ ಮೇಲೆ ಮೆಟ್ಟಿಲು ಜಾಸ್ತಿ. ಒಳಗುಡಿಯ ಹಿಂದೆ ಎರಡು ಕಲ್ಲುದೀಪಗಳಿವೆ. ಮನಸ್ಸಿನಲ್ಲಿ ಏನಾದರೂ ಕೇಳಿಕೊಂಡು ಅದರ ಮೇಲಿನ ಕಲ್ಲನ್ನು ಎತ್ತಬೇಕು. ಅಂದುಕೊಂಡದ್ದಕ್ಕಿಂತ ಹಗುರ ಅನ್ನಿಸಿದರೆ ಕೇಳಿದ್ದು ಕೈಗೂಡುತ್ತದೆ ಅಂತ ನಂಬಿಕೆ.

ಹೊಳೆದಂಡೆ:

ಇಬ್ಬನಿ ಅವರು ಹೇಳಿದ್ದು ಒಪ್ಪಿದೆ, ಆದರೆ ಮಂಡಿ ನೋವಿರುವವರಿಗೆ ನನ್ನ ಓಟು ಶಿಮೊಗಾಮೊಗೆ. ಪೂರ್ತಿ ಸಮತಟ್ಟು. ಕಾಮೊ, ತಕಾನೊ ಎಂಬ ಎರಡು ಹೊಳೆ ಸೇರುವ ಜಾಗದಲ್ಲಿ ತದಾಸು ಅಂತ ಒಂದು ಕಾಡಿದೆ, ಊರಿನ ಮಧ್ಯದಲ್ಲೇ. ಅದರೊಳಗೆ ನೆಟ್ಟಗೆ ಒಂದು ಮಣ್ಣಿನ ದಾರಿ, ಅಕ್ಕಪಕ್ಕ ನೂರಾರು ವರ್ಷದ ಮರಗಳು. ದೇಗುಲದ ಕೆಂಪು ಬಾಗಿಲು ಕಾಣುವ ಹೊತ್ತಿಗೆ ಮನಸ್ಸು ಆಗಲೇ ಅರ್ಧ ಸಮಾಧಾನ ಆಗಿರುತ್ತದೆ. 21 ವರ್ಷಕ್ಕೊಮ್ಮೆ ದೇವರನ್ನು ತಾತ್ಕಾಲಿಕ ಗುಡಿಗೆ ಕೂರಿಸಿ, ಗರ್ಭಗುಡಿ ದುರಸ್ತಿ ಮಾಡಿ ಮತ್ತೆ ಒಳಗೆ ತರುತ್ತಾರೆ. ಹಿಂದಿನ ಸಲ ಆಗಿದ್ದು 2015ರಲ್ಲಿ. ಅಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿ ಅಂತ ಲೆಕ್ಕ, ಒಳಗೆ ಆ ಹುಟ್ಟಿದ ವರ್ಷದ ಪ್ರಾಣಿಗಳಿಗೆ ಅಂತ ಪುಟ್ಟಪುಟ್ಟ ಗುಡಿಗಳಿವೆ, ಇಲಿ, ಎತ್ತು, ಹುಲಿ ಹೀಗೆ. ಅಮ್ಮನ ಪ್ರಾಣಿ ಯಾವುದು ಅಂತ ಮೊದಲೇ ನೋಡಿಕೊಂಡು ಹೋಗಿ, ಖುಷಿಪಡುತ್ತಾರೆ.

25ಕ್ಕೆ ನೀವು ಅಲ್ಲೇ ಇದ್ದೀರಿ ಅಲ್ವಾ? ಹಾಗಾದರೆ ಕಿಟಾನೋ ತೆನ್ಮಾಂಗು ತಪ್ಪಿಸಲೇಬೇಡಿ. ಪ್ರತಿ ತಿಂಗಳು 25ರಂದು ಅಲ್ಲಿ ಸಂತೆ. ಹಳೇ ಕಿಮೊನೊ, ಪಿಂಗಾಣಿ ಬಟ್ಟಲು, ಗಿಡ, ತಿಂಡಿ ಎಲ್ಲಾ ಸಿಗುತ್ತದೆ. ಅಲ್ಲಿಯ ದೇವರು ಒಂದು ಕಾಲದಲ್ಲಿ ಮನುಷ್ಯನೇ. ಸುಗವಾರಾ ನೊ ಮಿಚಿಜಾನೆ ಎಂಬ ವಿದ್ವಾಂಸ, ದೊಡ್ಡ ಮಂತ್ರಿ. ಆಗದವರು ಚಾಡಿ ಹೇಳಿ ಗಡಿಪಾರು ಮಾಡಿಸಿದರು, ದೂರದ ದಜಾಯಿಫುನಲ್ಲಿ 903ರಲ್ಲಿ ತೀರಿಕೊಂಡ. ಆಮೇಲೆ ರಾಜಧಾನಿಯಲ್ಲಿ ಸಾವಿನ ಮೇಲೆ ಸಾವು, ಅರಮನೆಗೇ ಸಿಡಿಲು. ಅವನ ಸಿಟ್ಟೇ ಕಾರಣ ಅಂತ ಹೆದರಿ 947ರಲ್ಲಿ ಗುಡಿ ಕಟ್ಟಿದರು. ಈಗ ಪರೀಕ್ಷೆ ಬರೆಯುವ ಮಕ್ಕಳೆಲ್ಲ ಅವನ ಹತ್ತಿರವೇ ಬರುತ್ತಾರೆ. ಆವರಣದ ತುಂಬ ಮಲಗಿದ ಎತ್ತಿನ ವಿಗ್ರಹಗಳಿವೆ. ನಮಗೆ ಎಲ್ಲಿ ನೋವಿದೆಯೋ ಎತ್ತಿನ ಅದೇ ಜಾಗವನ್ನು ಸವರಿದರೆ ಗುಣವಾಗುತ್ತದೆ ಅಂತಾರೆ. ಸವರಿ ಸವರಿ ಮೂತಿ, ತಲೆ ಎಲ್ಲಾ ನುಣುಪಾಗಿ ಮಿರಮಿರ ಅನ್ನುತ್ತದೆ. ಅಮ್ಮ ಅದರ ಮಂಡಿ ಸವರಲಿ.

ಅನ್ನಸಾರು:

ಊಟದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಮಾಂಸ ಇಲ್ಲ ಅಂದರೆ ಸಸ್ಯಾಹಾರ ಅಂತ ಅಲ್ಲಿ ಅರ್ಥವಲ್ಲ. ದಾಶಿ ಎಂಬ ಸಾರು ಎಲ್ಲದರಲ್ಲೂ ಇರುತ್ತದೆ. ಸಾಮಾನ್ಯವಾಗಿ ಒಣ ಮೀನಿನ ಚಕ್ಕೆಯಿಂದ ಮಾಡಿದ್ದು. ಮಿಸೊ ಸೂಪ್, ಉದೊನ್ ನೂಡಲ್ಸ್, ಬೇಯಿಸಿದ ತರಕಾರಿ, ಕೆಲವು ಕಡೆ ತೋಫು ಜೊತೆ ಕೊಡುವ ಸಾಸಿನಲ್ಲೂ ಇರುತ್ತದೆ. ಇನಾರಿ ದೇಗುಲದ ಹತ್ತಿರ ಸಿಗುವ ಇನಾರಿ ಸುಶಿ ನೋಡಲು ಬರೀ ಅನ್ನ, ತೋಫು. ಆ ತೋಫು ಬೆಂದಿರುವುದು ಸಾಮಾನ್ಯವಾಗಿ ಇದೇ ಸಾರಿನಲ್ಲಿ. ನಮ್ಮತ್ತೆಗೆ ತಿಂದ ಮೇಲೆ ಗೊತ್ತಾಗಿ, ಅವತ್ತು ರಾತ್ರಿ ಊಟವನ್ನೇ ಮಾಡಲಿಲ್ಲ, ನನಗೆ ಇನ್ನೂ ಆ ನೋವಿದೆ. "ಮೀನು ಬೇಡ, ದಾಶಿಯೂ ಬೇಡ" ಅಂತ ಜಪಾನಿ ಭಾಷೆಯಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ. ಶೋಜಿನ್ ರ್ಯೋರಿ ಅಂತ ಕೇಳಿ. ಅದು ಬೌದ್ಧ ಸನ್ಯಾಸಿಗಳ ಅಡುಗೆ, ಈರುಳ್ಳಿ ಬೆಳ್ಳುಳ್ಳಿಯನ್ನೂ ಸಾಮಾನ್ಯವಾಗಿ ಹಾಕುವುದಿಲ್ಲ. ಅರಾಶಿಯಾಮಾ ಎಂಬಲ್ಲಿರುವ ಬೌದ್ಧ ಗುಡಿ ತೆನ್‌ರ್ಯೂಜಿ ಒಳಗೇ ಅಂಥ ಊಟದ ಮನೆ ಇದೆ, ಮೊದಲೇ ಬುಕ್ ಮಾಡಿ.

ಹಾಗೆಯೇ ಸಂಜೂಸಾಂಗೆನ್‌ದೊ ಕೂಡ ಸೇರಿಸಿಕೊಳ್ಳಿ. ಅದು ಬೌದ್ಧ ಗುಡಿ. ಕರುಣೆಯ ಬೋಧಿಸತ್ವ ಕನ್ನೊನ್‌ನ ಸಾವಿರಕ್ಕೂ ಜಾಸ್ತಿ ವಿಗ್ರಹಗಳು ಸಾಲಾಗಿ ನಿಂತಿವೆ, ಮುಂದೆ 28 ಕಾವಲು ದೇವತೆಗಳು. ಅದರಲ್ಲಿ ನಮ್ಮ ಇಂದ್ರ ಇದ್ದಾನೆ, ಬ್ರಹ್ಮ ಇದ್ದಾನೆ. ಕೊಕ್ಕು, ರೆಕ್ಕೆ ಇರುವ ಗರುಡ ಕೊಳಲು ಊದುತ್ತಾ ನಿಂತಿದ್ದಾನೆ! ಅವನ ಮುಂದೆ ಅತ್ತೆ ಕೈಮುಗಿದು ನಿಂತವರು ಹತ್ತು ನಿಮಿಷ ಅಲುಗಾಡಲಿಲ್ಲ. ಒಳಗೆ ಫೋಟೋ ತೆಗೆಯುವಂತಿಲ್ಲ.

ದಾರಿಹೋಕ:

ಅಮ್ಮನಿಗೆ ಓದಿ ಹೇಳಿದೆ. ಎತ್ತಿನ ಮಂಡಿ ಅಂದ ಕೂಡಲೇ "ಅಲ್ಲಿಗೆ ಹೋಗೋಣ" ಅಂದರು. 23 ಶಿಮೊಗಾಮೊ, 24 ಬೆಳಿಗ್ಗೆ ಇನಾರಿ, ಆಮೇಲೆ ಸಂಜೂಸಾಂಗೆನ್‌ದೊ, 25 ಕಿಟಾನೋ. ಉಳಿದದ್ದೆಲ್ಲ ಹೊಡೆದು ಹಾಕಿದ್ದೇನೆ. ದೇಗುಲದಲ್ಲಿ ಕೈಮುಗಿಯುವ ಕ್ರಮ ಹೇಗೆ?

ಇಬ್ಬನಿ:

ಬಾಗಿಲ ಬಳಿಯ ತೊಟ್ಟಿಯಲ್ಲಿ ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆಯಿರಿ. ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ, ಸೌಟಿಗೆ ಬಾಯಿ ತಾಗಿಸಬಾರದು. ಡಬ್ಬಿಗೆ ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ, ಬೇಡಿಕೊಂಡು ಮತ್ತೊಮ್ಮೆ ಬಾಗುವುದು. ಚಪ್ಪಾಳೆ ಜಪಾನಿನದೇ ಆದ ಶಿಂಟೋ ಧರ್ಮದ ದೇಗುಲದಲ್ಲಿ ಮಾತ್ರ, ಬೌದ್ಧ ಗುಡಿಯಲ್ಲಿ ಸುಮ್ನೆ ಕೈಮುಗಿದರೆ ಸಾಕು. ಮಧ್ಯೆ ತೂತಿರುವ 5 ಯೆನ್ ನಾಣ್ಯ ಕೂಡಿಟ್ಟುಕೊಳ್ಳಿ. ಅದನ್ನು ಗೊ-ಎನ್ ಅಂತಾರೆ, ಅದೇ ಉಚ್ಚಾರದ ಇನ್ನೊಂದು ಮಾತಿಗೆ ಅರ್ಥ ನಂಟು. ನಾವು ಋಣಾನುಬಂಧ ಅನ್ನುತ್ತೇವಲ್ಲ, ಅದು.

ಬಸ್ಸಿಗೆ ಮಾತ್ರ ಇದ್ದ ದಿನದ ಪಾಸ್ ನಿಲ್ಲಿಸಿದ್ದಾರೆ. ಸಬ್‌ವೇ, ಬಸ್ ಎರಡಕ್ಕೂ ಸೇರಿಸಿದ ಪಾಸ್ ಇದೆ. ನಿಮ್ಮ ಪಟ್ಟಿಗೆ ಅದು ಬೇಡ, ದುಡ್ಡು ತುಂಬಿಸಿಕೊಂಡು ಬಸ್ಸು, ರೈಲಿಗೆ ಬಳಸುವ ಇಕೋಕಾ ಕಾರ್ಡ್ ಸಾಕು. ಕ್ಯೋಟೋ ಸ್ಟೇಷನ್ನಿನಿಂದ ಇನಾರಿಗೆ ನಾರಾ ಲೈನಿನಲ್ಲಿ ಎರಡೇ ಸ್ಟಾಪ್. ಲೋಕಲ್ ಗಾಡಿಯನ್ನೇ ಹತ್ತಿ, ರ್‍ಯಾಪಿಡ್ ಗಾಡಿ ಅಲ್ಲಿ ನಿಲ್ಲುವುದಿಲ್ಲ.